ಸಂಪ್ ಗ್ಯಾಸ್ಕೆಟ್ (ಇಂಜಿನ್ ತಳದ ಆಯಿಲ್ ತೊಟ್ಟಿಯ ಸಂದು ಮುಚ್ಚುವ ಪಟ್ಟಿ) ಬದಲಿಸಿದರೂ ಸ್ಪೋರ್ಟ್ಸ್ ಕಾರಿನ ಇಂಜಿನ್ ಆಯಿಲ್ ಸೋರುವುದು ಯಾಕೆ? (ಬಳ್ಳಾರಿ)

ಹನಿ ಬೀಳುವ ಜಾಗವೇ ಸೋರುವ ಜಾಗ ಆಗಿರಬೇಕಿಲ್ಲ, ಅದಕ್ಕೇ. ಆಯಿಲ್ ಮೇಲಿಂದ ಇಳಿಯುತ್ತದೆ. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಸಂಪ್ ಒದ್ದೆಯಾಗಿದ್ದರೂ ಸೋರಿಕೆ ಮೇಲೆ ವಾಲ್ವ್ ಕವರ್‌ನಲ್ಲಿ, ಅಂದರೆ ಇಂಜಿನ್ ತಲೆಯ ಮುಚ್ಚಳದಲ್ಲಿ, ಇರಬಹುದು.

ಮೊದಲು ಇಂಜಿನ್ ಪೂರ್ತಿ ತೊಳೆಸಿ, ಒಣಗಿಸಿ. ಸಂಡೂರು ಕಡೆ ಓಡಾಡುವ ಗಾಡಿಯಲ್ಲಿ ಅದಿರಿನ ಕೆಂಪು ಧೂಳು ಆಯಿಲ್ ಜೊತೆ ಸೇರಿ ಬೋಲ್ಟ್ ತಲೆ ಮುಚ್ಚುವಷ್ಟು ದಪ್ಪ ಜಿಡ್ಡಾಗಿ ಕೂತಿರುತ್ತದೆ. ಅದರಡಿ ಏನೂ ಕಾಣಲ್ಲ. ಆಮೇಲೆ ಆಯಿಲ್‌ಗೆ ಯುವಿ ಡೈ, ಅಂದರೆ ಯುವಿ ಟಾರ್ಚ್ ಬೆಳಕಿಗೆ ಹೊಳೆಯುವ ಬಣ್ಣ, ಹಾಕಿ ಹೊಸಪೇಟೆವರೆಗೆ ಹೋಗಿ ಬನ್ನಿ. ಟಾರ್ಚ್ ಹಿಡಿದಾಗ ಎಲ್ಲಕ್ಕಿಂತ ಮೇಲೆ, ಮುಂದೆ ಹೊಳೆಯುವ ಜಾಗದಿಂದಲೇ ಹುಡುಕಲು ಶುರು ಮಾಡಿ.

ಸುಮ್ನೆ ಸೀಲ್ ಬಿಚ್ಚಿಸಬೇಡಿ, ಮೊದಲು ಪಿಸಿವಿ ವಾಲ್ವ್ ನೋಡಿಸಿ. ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳುವ ಗ್ಯಾಸನ್ನು ಮತ್ತೆ ಇಂಜಿನ್ ಹೀರಿಕೊಳ್ಳುವಂತೆ ದಾರಿ ಬಿಡುವ ಸಣ್ಣ ವಾಲ್ವ್ ಅದು. ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಹೊಸ ಸೀಲ್‌ನಿಂದಲೂ ಆಯಿಲ್ ಹೊರಗೆ ಬರುತ್ತದೆ. ಜೋರಾಗಿ ಓಡಿಸುವ ಇಂಜಿನ್‌ನಲ್ಲಿ ಈ ಗ್ಯಾಸ್ ಜಾಸ್ತಿ.

ಗ್ಯಾಸ್ಕೆಟ್ ಹಾಕುವಾಗ ಬೋಲ್ಟ್ ಅತಿಯಾಗಿ ಬಿಗಿಸಿದರೆ ಗ್ಯಾಸ್ಕೆಟ್ ಹಿಸುಕಿಹೋಗಿ ಮತ್ತೆ ಸೋರುತ್ತದೆ. ಎಷ್ಟು ಬಿಗಿಯಾಯಿತೆಂದು ತೋರಿಸುವ ಟಾರ್ಕ್ ರೆಂಚ್ ಬಳಸಲು ಹೇಳಿ. ಆಯಿಲ್ ಸೈಲೆನ್ಸರ್ ಪೈಪ್ ಮೇಲೆ ಬೀಳುತ್ತಿದ್ದರೆ ಮಾತ್ರ ಗಾಡಿ ತೆಗೆಯಲೇಬೇಡಿ, ಬೆಂಕಿ ಹತ್ತಬಹುದು.