ತುದಿ ಸಾಲಿಗೆ ನೀರು ಹತ್ತುತ್ತಿಲ್ಲ

ಪ್ರಶ್ನೆ: ಎರಡು ಸೀಮೆ ಹಸುಗಳಿವೆ. ಅರ್ಧ ಎಕರೆಗೆ ನೇಪಿಯರ್ ಮೇವಿನ ಹುಲ್ಲು ಹಾಕಿ ಡ್ರಿಪ್ ಎಳೆಸಿದ್ದೇವೆ. ಸಾಲಿಂದ ಸಾಲಿಗೆ 3 ಅಡಿ, 40 ಸೆಂ.ಮೀ.ಗೊಂದು ಡ್ರಿಪ್ಪರ್, ಗಂಟೆಗೆ 2 ಲೀಟರಿನದು. ಬೋರಿನ ನೀರಿಗೆ 200 ಲೀಟರ್ ಡ್ರಮ್ಮು ನಾಲ್ಕು ನಿಮಿಷಕ್ಕೆ ತುಂಬುತ್ತದೆ. ವಾಲ್ವ್ ಹತ್ತಿರದ ಹುಲ್ಲು ಆಳುದ್ದ ಬಂದಿದೆ, ತುದಿಯಲ್ಲಿ ಮೊಣಕಾಲುದ್ದವೂ ಇಲ್ಲ. ಡ್ರಿಪ್ಪರ್ ಬಾಯಿಗೆ ಬಿಳಿ ಕಟ್ಟಿದೆ. ಆಸಿಡ್ ಬಿಟ್ಟರೆ ಸರಿಹೋದೀತೇ?
— ಓದುಗರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಆಸಿಡ್ ಆಮೇಲೆ, ಮೊದಲು ಲೆಕ್ಕ ನೋಡಿ. ನಿಮ್ಮ ಅರ್ಧ ಎಕರೆಯಲ್ಲಿ ಸುಮಾರು 5,500 ಡ್ರಿಪ್ಪರ್‌ಗಳಿವೆ. ಎಲ್ಲ ಒಟ್ಟಿಗೆ ಓಡಲು ಗಂಟೆಗೆ 11,000 ಲೀಟರ್ ಬೇಕು; ನಿಮ್ಮ ಬೋರು ಕೊಡುವುದು 3,000. ಹೀಗಾದಾಗ ಮೊದಲ ಸಾಲುಗಳೇ ನೀರು ಕುಡಿದುಬಿಡುತ್ತವೆ, ತುದಿಗೆ ಒತ್ತಡ ಉಳಿಯುವುದಿಲ್ಲ. ಹೊಲವನ್ನು ಐದೈದು ಗುಂಟೆಯ ನಾಲ್ಕು ಭಾಗ ಮಾಡಿ, ಒಂದೊಂದಕ್ಕೆ ಬೇರೆ ವಾಲ್ವ್ ಕೂರಿಸಿ, ಬೇಸಿಗೆಯಲ್ಲಿ ದಿನಕ್ಕೆ ಒಂದೊಂದು ಗಂಟೆ ಬಿಡಿ. ತುದಿಯ ಡ್ರಿಪ್ಪರ್ ಕೆಳಗೆ ಲೋಟ ಇಟ್ಟು ನೋಡಿ: 15 ನಿಮಿಷಕ್ಕೆ ಅರ್ಧ ಲೀಟರ್ ಬೀಳಬೇಕು.

ಬೇರೆ ಬೇರೆ ವಾಲ್ವ್ ಕೂರಿಸಿದ ಮೇಲೂ ಕಡಿಮೆ ಬಿದ್ದರೆ ಡ್ರಿಪ್ಪರ್ ಕಟ್ಟಿದೆ ಎಂದರ್ಥ. ಬಿಳಿಯನ್ನು ಕೆರೆದು ಒಂದು ಹನಿ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ. ನೊರೆ ಎದ್ದರೆ ಅದು ಸುಣ್ಣ. ಜಾರುವ ಪಾಚಿ, ಲೋಳೆಯಾದರೆ ಆಸಿಡ್‌ನಿಂದ ಹೋಗದು. ಸುಣ್ಣವೇ ಆದರೆ ವೆಂಚುರಿಯಲ್ಲಿ (ಹರಿಯುವ ನೀರಿಗೆ ಗೊಬ್ಬರ, ಆಸಿಡ್ ಎಳೆದು ಬೆರೆಸುವ ಸಾಧನ) ಆಸಿಡ್ ಬಿಡುತ್ತಾ, ತುದಿ ಡ್ರಿಪ್ಪರ್ ನೀರಿನ ಪಿ.ಎಚ್. (ಹುಳಿಯ ಅಳತೆ; ಇಳಿದಷ್ಟೂ ಹುಳಿ ಹೆಚ್ಚು) ಕಾಗದದಲ್ಲಿ 4ಕ್ಕೆ ಇಳಿದ ಕೂಡಲೇ ಮೋಟಾರು ನಿಲ್ಲಿಸಿ. 24 ಗಂಟೆ ಬಿಟ್ಟು, ಪೈಪಿನ ತುದಿಯ ಮುಚ್ಚಳ (ಎಂಡ್ ಕ್ಯಾಪ್) ತೆಗೆದು ನೀರು ತಿಳಿಯಾಗುವವರೆಗೆ ತೊಳೆಯಿರಿ. ಕೈಗವಸು ಬೇಕೇ ಬೇಕು. ನೀರಿಗೆ ಆಸಿಡ್ ಸುರಿಯಬೇಕು. ಆಸಿಡ್‌ಗೆ ನೀರು ಸುರಿದರೆ ಮುಖಕ್ಕೇ ಸಿಡಿಯುತ್ತದೆ. ತೊಳೆದ ನೀರನ್ನು ಹಸು ಕುಡಿಯದಂತೆ ನೋಡಿಕೊಳ್ಳಿ.

ಇನ್ನೊಂದು ಮಾತು. ಎರಡು ಹಸುವಿಗೆ ದಿನಕ್ಕೆ 50–60 ಕೆ.ಜಿ. ಹಸಿಮೇವು, ಜೊತೆಗೆ ರಾಗಿ ಹುಲ್ಲು ಇದ್ದರಾಯಿತು. ಚೆನ್ನಾಗಿ ನೀರುಂಡ ಹತ್ತು ಗುಂಟೆ ನೇಪಿಯರ್ ಅಷ್ಟನ್ನು ಕೊಡುತ್ತದೆ. ಬೋರು ಇಳಿದ ತಿಂಗಳಲ್ಲಿ ಎರಡು ವಾಲ್ವ್ ಮುಚ್ಚಿಬಿಡಿ. ಇಪ್ಪತ್ತು ಗುಂಟೆಯನ್ನೂ ಅರೆಬಾಯಾರಿಸಿ ಒಣಗಿಸುವುದಕ್ಕಿಂತ ಇದು ಎಷ್ಟೋ ಮೇಲು.

ಪ್ರಶ್ನೆ: ಮಳೆ ಕೈಕೊಟ್ಟು ತಿಂಗಳ ಜೋಳ ಬಾಡಿದೆ. ಕೊಯ್ದು ಹಸುವಿಗೆ ಹಾಕಬಹುದೇ?
— ಓದುಗರು, ಗೌರಿಬಿದನೂರು

ಉತ್ತರ: ಬೇಡವೇ ಬೇಡ. ಎಳೆ ಜೋಳದಲ್ಲಿ, ಅದರಲ್ಲೂ ಬಾಡಿದ್ದರಲ್ಲಿ ಮತ್ತು ಕೊಯ್ದ ಬುಡದಿಂದ ಬರುವ ಕೂಳೆ ಚಿಗುರಿನಲ್ಲಿ ಸಯನೈಡ್ ವಿಷ ಹೆಚ್ಚು. ಹೂ ಬಂದ ಮೇಲೆ ಕೊಯ್ಯಿರಿ. ತಿಂದ ಹಸು ಏದುಸಿರು ಬಿಟ್ಟು ನಡುಗಿದರೆ ಮನೆಮದ್ದಿಗೆ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಸಿ; ನರಕ್ಕೆ ಕೊಡುವ ಸೋಡಿಯಂ ಥಯೋಸಲ್ಫೇಟ್ ಇಂಜೆಕ್ಷನ್ ತಡವಾದರೆ ಹಸು ಉಳಿಯುವುದಿಲ್ಲ.