ಸೋಲೊ, ಡ್ಯುಯಲ್‌ಲೈಟ್, ಕ್ವಾಡ್: ಮೂರಕ್ಕೂ ಒಂದೇ ಯು-ಬೂಟ್ ಸಾಕೇ?

ಒಂದೇ ಪಿಸಿಬಿ (ಸರ್ಕ್ಯೂಟ್ ಬೋರ್ಡ್) ವಿನ್ಯಾಸದ ಮೇಲೆ ಐ.ಎಂಎಕ್ಸ್6 ಪ್ರೊಸೆಸರ್‌ನ ಸೋಲೊ, ಡ್ಯುಯಲ್‌ಲೈಟ್, ಕ್ವಾಡ್ ಮೂರರಲ್ಲಿ ಒಂದೊಂದು ಬೋರ್ಡಿಗೆ ಒಂದೊಂದನ್ನು ಕೂರಿಸುತ್ತಿದ್ದೀರಿ. ಎಂಐಡಿಆರ್ (ಕೋರ್ ಯಾವುದೆಂದು ಹೇಳುವ ರಿಜಿಸ್ಟರ್) ಓದಿ ಯಾವುದೆಂದು ಪತ್ತೆ ಹಚ್ಚಬಹುದೇ ಎಂದು ಕೇಳಿದ್ದೀರಿ. ಒಂದೇ ಯು-ಬೂಟ್ (ಬೋರ್ಡನ್ನು ಎಬ್ಬಿಸಿ ಆಪರೇಟಿಂಗ್ ಸಿಸ್ಟಮ್ ಲೋಡ್ ಮಾಡುವ ಬೂಟ್‌ಲೋಡರ್) ಧಾರಾಳವಾಗಿ ಸಾಕು. ಆದರೆ ಎಂಐಡಿಆರ್ ಬಿಟ್ಟುಬಿಡಿ. ಮೂರರ ಒಳಗೂ ಇರುವುದು ಕಾರ್ಟೆಕ್ಸ್-ಎ9 ಕೋರ್, ಹಾಗಾಗಿ ಭಾಗಸಂಖ್ಯೆ ಮೂರರಲ್ಲೂ ಹೆಕ್ಸ್ ಸಿ09 ಎಂದೇ ಬರುತ್ತದೆ.

ನಿಮಗೆ ಬೇಕಾದದ್ದು ಅನಾಟಾಪ್‌ನ (ಚಿಪ್‌ನ ಅನಲಾಗ್ ಭಾಗದ) ಡಿಜಿಪ್ರಾಗ್ ರಿಜಿಸ್ಟರ್, ವಿಳಾಸ ಹೆಕ್ಸ್ 020ಸಿ8260. ಅದನ್ನು 16 ಬಿಟ್ ಬಲಕ್ಕೆ ಸರಿಸಿ ಕೆಳಗಿನ ಬೈಟ್ ನೋಡಿ: ಹೆಕ್ಸ್ 63 ಬಂದರೆ ಕ್ವಾಡ್, 61 ಬಂದರೆ ಡ್ಯುಯಲ್‌ಲೈಟ್. ತೊಡಕಿರುವುದು ಸೋಲೊದಲ್ಲಿ. ಅದೂ 61 ಎಂದೇ ಹೇಳುತ್ತದೆ! ಆಗ ಎಸ್‌ಸಿಯು (ಕೋರ್‌ಗಳನ್ನು ಹೊಂದಿಸುವ ಘಟಕ) ಕಾನ್ಫಿಗ್ ರಿಜಿಸ್ಟರ್‌ನ ಕೊನೆಯ ಎರಡು ಬಿಟ್ ನೋಡಬೇಕು. ಸೊನ್ನೆ ಇದ್ದರೆ ಒಂದೇ ಕೋರ್, ಅಂದರೆ ಸೋಲೊ. ಯು-ಬೂಟ್‌ನ ಗೆಟ್-ಸಿಪಿಯು-ರೆವ್ ಫಂಕ್ಷನ್ ಮಾಡುವುದು ಇದನ್ನೇ. ಸೋಲೊಗೆ ಅದು ಕೊಡುವ 66 ಚಿಪ್‌ನಿಂದ ಬಂದದ್ದಲ್ಲ, ಸಾಫ್ಟ್‌ವೇರ್ ಇಟ್ಟುಕೊಂಡ ಸಂಖ್ಯೆ. ನೀವೇ ಹೊಸದಾಗಿ ಬರೆಯಲು ಹೋಗಬೇಡಿ, ಅದನ್ನೇ ಕರೆಯಿರಿ.

ಪತ್ತೆ ಹಚ್ಚುವುದಕ್ಕಿಂತ, ಅದನ್ನು ಎಲ್ಲಿ ಬಳಸುತ್ತೀರಿ ಎನ್ನುವುದು ಮುಖ್ಯ. ಡಿಸಿಡಿ ಪಟ್ಟಿಯಲ್ಲಿ (ಬೂಟ್ ಶುರುವಾಗುವಾಗ ಚಿಪ್ ತಾನೇ ರಿಜಿಸ್ಟರ್‌ಗಳಿಗೆ ತುಂಬುವ ಮೌಲ್ಯಗಳು) ಚಿಪ್ ನೋಡಿಕೊಂಡು ಮೌಲ್ಯ ಆರಿಸಲು ಆಗುವುದಿಲ್ಲ, ಆದ್ದರಿಂದ ಡಿಡಿಆರ್ (ಹೊರಗಿನ ಮೆಮೊರಿ) ಸೆಟಪ್ ಎಸ್‌ಪಿಎಲ್‌ಗೆ, ಅಂದರೆ ಯು-ಬೂಟ್‌ಗಿಂತ ಮೊದಲು ಓಡುವ ಅದರ ಪುಟ್ಟ ಭಾಗಕ್ಕೆ, ಬರಲೇಬೇಕು. ಸೋಲೊದ ಮೆಮೊರಿ ಬಸ್ 32 ಬಿಟ್, ಉಳಿದೆರಡರದ್ದು 64 ಬಿಟ್. ಕ್ವಾಡ್ 528 ಮೆಗಾಹರ್ಟ್ಸ್ ತನಕ ಹೋಗುತ್ತದೆ, ಡ್ಯುಯಲ್‌ಲೈಟ್ ಮತ್ತು ಸೋಲೊ 400ಕ್ಕೆ ನಿಲ್ಲುತ್ತವೆ. ಕ್ಯಾಲಿಬ್ರೇಶನ್ ಮೌಲ್ಯಗಳನ್ನೂ ಮೂರಕ್ಕೂ ಬೇರೆಬೇರೆಯಾಗಿ ಅಳೆದುಕೊಳ್ಳಿ. ಒಳಗಿನ ರ್ಯಾಮ್ ಕ್ವಾಡ್‌ನಲ್ಲಿ 256 ಕೆಬಿ ಇದ್ದರೂ ಉಳಿದೆರಡರಲ್ಲಿ 128 ಮಾತ್ರ. ಎಸ್‌ಪಿಎಲ್ ಗಾತ್ರವನ್ನು ಚಿಕ್ಕದಕ್ಕೇ ಹೊಂದಿಸಿ.

ನನ್ನ ಎರಡು ದಿನ ತಿಂದದ್ದು ಪಿನ್‌ಮಕ್ಸ್, ಅಂದರೆ ಯಾವ ಪಿನ್ ಯಾವ ಕೆಲಸಕ್ಕೆ ಎಂದು ಹೊಂದಿಸುವುದು. ಕ್ವಾಡ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಇಮೇಜನ್ನು ಡ್ಯುಯಲ್‌ಲೈಟ್ ಬೋರ್ಡಿಗೆ ಹಾಕಿದರೆ ಸೀರಿಯಲ್‌ನಲ್ಲಿ ಒಂದಕ್ಷರವೂ ಬರಲಿಲ್ಲ. ಕ್ಲಾಕ್ ಮೇಲೆ ಅನುಮಾನಪಟ್ಟು ಅದನ್ನೇ ಕೆದಕುತ್ತಾ ಕೂತೆ. ಕೊನೆಗೆ ನೋಡಿದರೆ ಪಿನ್ ಹೊಂದಿಸುವ ಐಒಮಕ್ಸ್ ರಿಜಿಸ್ಟರ್‌ಗಳ ಆಫ್‌ಸೆಟ್ (ವಿಳಾಸದ ಸ್ಥಾನ) ಎರಡರಲ್ಲೂ ಬೇರೆ. ನಾನು ಬರೆದದ್ದೆಲ್ಲ ತಪ್ಪು ಪ್ಯಾಡಿಗೆ ಹೋಗುತ್ತಿತ್ತು. ಸೆಟಪ್-ಐಒಮಕ್ಸ್-ಪ್ಯಾಡ್ಸ್ ಮ್ಯಾಕ್ರೊ ಬಳಸಿ, ಎರಡೂ ಪಟ್ಟಿಗಳನ್ನು ಇಟ್ಟುಕೊಂಡು ಓಡುವಾಗ ಸರಿಯಾದದ್ದನ್ನು ಅದು ಆರಿಸಿಕೊಳ್ಳುತ್ತದೆ.

ಡಿವೈಸ್ ಟ್ರೀ (ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ಹೇಳುವ ಫೈಲ್) ಎರಡು ಸಾಕು: ಕ್ವಾಡ್‌ಗೊಂದು, ಡ್ಯುಯಲ್‌ಲೈಟ್ ಮತ್ತು ಸೋಲೊ ಎರಡಕ್ಕೂ ಸೇರಿ ಇನ್ನೊಂದು. ಇನ್ನು ಬೋರ್ಡಿನ ಮೇಲೆ ಎಷ್ಟು ಮೆಮೊರಿ ಕೂರಿಸಿದ್ದೀರಿ ಎಂಬುದನ್ನು ಈ ರಿಜಿಸ್ಟರ್‌ಗಳು ಹೇಳುವುದಿಲ್ಲ. ಪಿಸಿಬಿ ಇನ್ನೂ ಫ್ಯಾಬ್‌ಗೆ (ತಯಾರಿಕೆಗೆ) ಹೋಗಿಲ್ಲವಾದರೆ ಎರಡು ಜಿಪಿಐಒ ಪಿನ್‌ಗಳಿಗೆ ರೆಸಿಸ್ಟರ್ ಇಟ್ಟು ಅದನ್ನು ಗುರುತಿಸಿಕೊಳ್ಳಿ.