ಮಲಗಿದೊಡನೆ ಕಾಡುವ ಕಾಲು: ಸಿಂಧನೂರಿನ ಓದುಗರಿಗೆ ಉತ್ತರ

ಮಾನ್ಯರೆ,

ಹಗಲೆಲ್ಲ ಭತ್ತದ ನಾಟಿಯಲ್ಲಿದ್ದರೂ ಕಾಲುನೋವೆನ್ನದ ನಿಮ್ಮ ಅತ್ತೆಯವರು ರಾತ್ರಿ ಮಲಗಿದ ಸ್ವಲ್ಪ ಹೊತ್ತಿಗೇ ಎದ್ದು ಅಂಗಳದಲ್ಲಿ ತಿರುಗಾಡುತ್ತಾರೆ, ‘ಮೀನಖಂಡದಾಗ ಹುಳ ಹರಿದಂಗ ಆಗತೈತಿ, ಕಾಲು ಸುಮ್ಮನ ಇಡಾಕ ಆಗವಲ್ದು’ ಎನ್ನುತ್ತಾರೆ, ಹಳೆಯ ಸೀರೆಯ ಅಂಚಿನಿಂದ ಮೊಣಕಾಲಿನ ಕೆಳಗೆ ಬಿಗಿದು ಕಟ್ಟಿಕೊಳ್ಳುತ್ತಾರೆ ಎಂದು ಬರೆದಿದ್ದೀರಿ. ಇದು ದಣಿವೋ ಮನಸ್ಸಿನ ಚಿಂತೆಯೋ ಎಂಬುದು ನಿಮ್ಮ ಪ್ರಶ್ನೆ. ರೋಗವನ್ನು ನಿಶ್ಚಯಿಸಬೇಕಾದವರು ವೈದ್ಯರೇ. ಆದರೆ ನೀವು ಕೊಟ್ಟ ವಿವರ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಎಂಬ ನರಸಂಬಂಧಿ ತೊಂದರೆಗೆ ತೀರ ಹತ್ತಿರವಾಗಿದೆ. ಸ್ವೀಡನ್ನಿನ ವೈದ್ಯ ಎಕ್‌ಬೊಮ್ 1945ರಲ್ಲಿಯೇ ಇದನ್ನು ವಿವರವಾಗಿ ದಾಖಲಿಸಿದ್ದರೂ ನಮ್ಮಲ್ಲಿ ಇಂದಿಗೂ ಎಷ್ಟೋ ಹೆಂಗಸರು ಇದನ್ನು ಹೇಳಿಕೊಳ್ಳದೆ ನಿದ್ದೆಗೆಡುತ್ತಾರೆ.

ಇದನ್ನು ಸ್ಕ್ಯಾನಿಂಗ್‌ನಿಂದ ಕಂಡುಹಿಡಿಯಲಾಗದು, ರೋಗಿಯ ಮಾತೇ ಆಧಾರ. ಕಾಲಾಡಿಸಲೇಬೇಕೆಂಬ ತಡೆಯಲಾಗದ ತುಡಿತ ಕೂತಾಗ, ಮಲಗಿದಾಗ, ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಕಾಲು ಮಡಚಿ ಕೂರಬೇಕಾದಾಗ ಶುರುವಾಗುತ್ತದೆ; ನಡೆದಾಡಿದರೆ ಅಷ್ಟು ಹೊತ್ತು ತಗ್ಗುತ್ತದೆ; ಸಂಜೆಯ ನಂತರ ಹೆಚ್ಚುತ್ತದೆ. ಸ್ನಾಯು ಸೆಳೆತವಾದರೆ ಮೀನಖಂಡ ಗಂಟುಕಟ್ಟಿ ಕೈಗೆ ಗಟ್ಟಿಯಾಗಿ ಸಿಗುತ್ತದೆ, ಇಲ್ಲಿ ಹಾಗಾಗುವುದಿಲ್ಲ. ಸಕ್ಕರೆ ಕಾಯಿಲೆಯ ಜೋಮು, ಉರಿ ಸಾಮಾನ್ಯವಾಗಿ ನಡೆದಾಡಿದರೂ ಹೋಗುವುದಿಲ್ಲ.

ನಾನು ಒತ್ತಿ ಹೇಳಬೇಕಾದದ್ದು ಕಬ್ಬಿಣಾಂಶದ ವಿಷಯ. ಮಿದುಳಿಗೆ ಕಬ್ಬಿಣ ಸಾಲದಿರುವುದಕ್ಕೂ ಈ ತೊಂದರೆಗೂ ನಿಕಟ ನಂಟಿದೆ. ಅತ್ತೆಯವರ ಹಿಮೋಗ್ಲೋಬಿನ್ ಸರಿಯಾಗಿದೆ ಎಂದು ಪರೀಕ್ಷೆಯಲ್ಲಿ ಬಂದಿದ್ದರಿಂದ ನೀವು ಸಮಾಧಾನಪಟ್ಟಿದ್ದೀರಿ. ಅದು ಸರಿಯಿದ್ದೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಆದ್ದರಿಂದ ಈ ದಾಸ್ತಾನನ್ನು ತೋರಿಸುವ ಫೆರಿಟಿನ್ ಮತ್ತು ರಕ್ತದಲ್ಲಿ ಸಾಗುವ ಕಬ್ಬಿಣದ ಪ್ರಮಾಣವನ್ನು ತಿಳಿಸುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ರಕ್ತಪರೀಕ್ಷೆಗಳನ್ನು ಕೇಳಿ ಮಾಡಿಸಿ. ಫೆರಿಟಿನ್ ಪ್ರತಿ ಮಿಲಿಲೀಟರಿಗೆ 75 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಲ್ಯಾಬಿನ ಚೀಟಿಯಲ್ಲಿ ಅದು ‘ನಾರ್ಮಲ್’ ಎಂದಿದ್ದರೂ, ಈ ತೊಂದರೆ ಇರುವವರಿಗೆ ಕಬ್ಬಿಣ ಕೊಡುವುದನ್ನು ವೈದ್ಯರು ಪರಿಗಣಿಸುತ್ತಾರೆ. ಪರೀಕ್ಷಿಸದೆ ಮಾತ್ರೆ ನುಂಗಿಸಬೇಡಿ. ಊಟದ ಬೆನ್ನಿಗೇ ಚಹಾ ಕುಡಿಯುವ ರೂಢಿ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದೆ, ಅದನ್ನು ಇಂದೇ ಬಿಡಿಸಬಹುದು.

ಬಸುರಿಯರಲ್ಲಿ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಇದು ಹೆಚ್ಚು. ಮೂತ್ರಪಿಂಡ ಸೋತವರಲ್ಲಿಯೂ ಕಾಣುತ್ತದೆ. ನೆಗಡಿ, ತುರಿಕೆಗೆ ಕೊಡುವ ಮಂಪರು ತರುವ ಮಾತ್ರೆಗಳು, ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್, ಖಿನ್ನತೆಯ ಕೆಲವು ಔಷಧಗಳು ಇದನ್ನು ಕೆರಳಿಸಬಲ್ಲವು. ಆದ್ದರಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಲಿ, ತಾಲ್ಲೂಕು ಆಸ್ಪತ್ರೆಗೇ ಹೋಗಲಿ, ಅವರು ನುಂಗುತ್ತಿರುವ ಮಾತ್ರೆಗಳ ಎಲೆಗಳನ್ನೆಲ್ಲ ಒಯ್ದು ತೋರಿಸಿ.

ವೈದ್ಯರು ಮುಂದೆ ಈ ತುಡಿತ ತಗ್ಗಿಸಲು ಪ್ರಮಿಪೆಕ್ಸೋಲ್‌ನಂಥ ಮಾತ್ರೆ ಬರೆದುಕೊಟ್ಟರೆ ಒಂದು ಎಚ್ಚರವಿರಲಿ. ಮೊದಲು ಗುಣ ಕಂಡು, ತಿಂಗಳುಗಳು ಅಥವಾ ವರ್ಷಗಳ ನಂತರ ತುಡಿತ ಮಧ್ಯಾಹ್ನಕ್ಕೇ ಶುರುವಾದರೆ ಇಲ್ಲವೆ ಕೈಗಳಿಗೂ ಹಬ್ಬಿದರೆ, ಅದು ಮಾತ್ರೆಯಿಂದಲೇ ಆಗುತ್ತಿರಬಹುದು; ನೀವಾಗಿಯೇ ಮಾತ್ರೆ ಹೆಚ್ಚಿಸುವುದಾಗಲಿ ತಟ್ಟನೆ ನಿಲ್ಲಿಸುವುದಾಗಲಿ ಬೇಡ, ಕೂಡಲೇ ವೈದ್ಯರಿಗೆ ತಿಳಿಸಿ.

— ಸಂಪಾದಕ